ಬಾಯಿಮಾತಿನ ಊರಿಗೆ ಉತಾರ ಬಂದದ್ದು

ನಮ್ಮ ತಾಂಡಾ ಕಟ್ಟಿದವನು ನನ್ನ ಅಜ್ಜನ ಅಪ್ಪ. ಅವನೇ ಮೊದಲ ನಾಯಕ. ತಾಂಡಾವನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಲಂಬಾಣಿಗಳಲ್ಲಿ ಇದು ಹೊಸದೇನಲ್ಲ. ಯಾವ ನಾಯಕ ಜನರನ್ನು ಕರೆದುಕೊಂಡು ಬಂದು ನೆಲೆ ನಿಲ್ಲಿಸಿದನೋ ಅವನ ಹೆಸರೇ ಊರಿಗೆ. ಆದರೆ ಸರ್ಕಾರದ ಕಾಗದಕ್ಕೆ ಅದು ಗೊತ್ತಿರಲಿಲ್ಲ. ವಿಜಯಪುರ ಜಿಲ್ಲೆಯ ಎಷ್ಟೋ ತಾಂಡಾಗಳ ಹಾಗೆ ನಮ್ಮದಕ್ಕೂ ಪಕ್ಕದ ಊರಿನ ಹೆಸರು, ಅದರ ಮುಂದೆ ‘ಎಲ್.ಟಿ.’, ಅದರ ಮುಂದೆ ಒಂದು ನಂಬರು. ಎಲ್.ಟಿ. ಅಂದರೆ ಲಂಬಾಣಿ ತಾಂಡಾ. ಶಾಲೆಯ ಟಿಸಿ, ರೇಷನ್ ಕಾರ್ಡು, ಎಲ್ಲದರಲ್ಲೂ ಅಷ್ಟೇ.

ಈ ತಾಂಡಾ ಕಂದಾಯ ಗ್ರಾಮ ಆಗಿ ಮನೆ ಮನೆಗೆ ಹಕ್ಕುಪತ್ರ ಬರುವವರೆಗಿನ ಓಡಾಟದಲ್ಲಿ ನಾನೂ ಇದ್ದೆ. ತಾಲ್ಲೂಕಿನಲ್ಲಿ ಒಂದು ಕಂಪ್ಯೂಟರ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ಅರ್ಜಿ ಬರೆಯುವುದು, ಆಧಾರ್ ತಿದ್ದಿಸುವುದು, ಪಹಣಿ ತೆಗೆಯುವುದು ಗೊತ್ತಿತ್ತು. ನನ್ನನ್ನು ಕರೆದದ್ದು ಅದಕ್ಕೇ. ನಾಯಕನ ಮನೆಯ ಮಗಳು ಅಂತ ಅಲ್ಲ. ಹೆಣ್ಣುಮಕ್ಕಳು ನಮ್ಮಲ್ಲಿ ನಸಾಬಿಗೆ ಕೂರುವುದಿಲ್ಲ. ನಸಾಬ್ ಅಂದರೆ ತಾಂಡಾದೊಳಗಿನ ನ್ಯಾಯ ಪಂಚಾಯಿತಿ.

ಮುತ್ತಾತನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಜಗಳ ಇನ್ನೂ ಆರಿಲ್ಲ.

ಅವನು ಹುಟ್ಟುವ ಹೊತ್ತಿಗೆ ಹೇರೆತ್ತಿನ ವ್ಯಾಪಾರ ಮುಗಿಯುತ್ತಾ ಬಂದಿತ್ತು. ಅವನ ಹಿರಿಯರು ಕರಾವಳಿಯಿಂದ ಉಪ್ಪು ಹೇರಿಕೊಂಡು ಘಟ್ಟ ಹತ್ತಿ ಬರುತ್ತಿದ್ದರು. ಇಲ್ಲಿಂದ ಜೋಳ, ಕಾಳು ಒಯ್ಯುತ್ತಿದ್ದರು. ರಾಜರ ದಂಡಿಗೆ ಧಾನ್ಯ ಮುಟ್ಟಿಸಿದ್ದೂ ಇದೇ ಜನ. 1880ರ ದಶಕದಲ್ಲಿ ಹೋಟಗಿ–ಗದಗ ರೈಲು ವಿಜಯಪುರದ ಮೇಲೆ ಹಾದು ಹೋಯಿತು. ಎತ್ತಿನ ಬೆನ್ನ ಮೇಲೆ ಬರುವ ಉಪ್ಪನ್ನು ಆಮೇಲೆ ಯಾರು ಕೇಳುತ್ತಾರೆ? ಅದರ ಮೇಲೆ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಹೆದರಿಕೆ, ಉತ್ತರ ಭಾರತದಲ್ಲಿ 1871ರಲ್ಲಿ ಶುರುವಾಗಿ 1911ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಬಂದದ್ದು. ಒಂದು ಜಾತಿಗೆ ಜಾತಿಯನ್ನೇ ಹುಟ್ಟುಗಳ್ಳರು ಅಂತ ಪಟ್ಟಿ ಮಾಡಬಹುದು ಅನ್ನುವ ಕಾನೂನು. ಅದು ಹೋದದ್ದು 1952ರಲ್ಲಿ. ಅಲ್ಲಿಯವರೆಗೆ ದಾರಿಯಲ್ಲಿ ನಡೆಯುವ ಗುಂಪಿಗಿಂತ ಒಂದು ಕಡೆ ಕೂತ ಗುಂಪಿಗೆ ಕಾಟ ಕಡಿಮೆ. ಹಾಗಾಗಿ ಕೂತರು.

ಎಲ್ಲಿ ಕೂರಬೇಕು ಅನ್ನುವುದು ನಾಯಕನ ಕೆಲಸ. ಮನೆಯಲ್ಲಿ ಹೇಳುವ ಕತೆ ಹೀಗಿದೆ. ಪಕ್ಕದ ಊರಿನ ಪಾಟೀಲರಿಗೆ ಸುಗ್ಗಿಯಲ್ಲಿ ಕೈಗಳು ಬೇಕಿತ್ತು, ರಾತ್ರಿ ಹೊಲ ಕಾಯುವವರು ಬೇಕಿತ್ತು. ನಮ್ಮವರಿಗೆ ನೀರು, ದನಕ್ಕೆ ಮೇವು, ಗುಡಿಸಲು ಹಾಕಲು ಒಂದು ಮರಡಿ ಸಾಕಿತ್ತು. ಇಬ್ಬರೂ ಮಾತಾಡಿಕೊಂಡರು. ಊರಿಂದ ದೂರ, ಹಳ್ಳದ ಆಚೆ, ಕಲ್ಲು ನೆಲ. ಅದರಲ್ಲಿ ಒಂದು ಭಾಗ ಗಾಯರಾಣ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ನೆಲ, ಇನ್ನೊಂದು ಭಾಗ ಪಾಟೀಲರ ಹೊಲದ ಬೆಳೆಯದ ತುದಿ. ಬರೆದುಕೊಂಡದ್ದು ಏನೂ ಇಲ್ಲ. ಪ್ರತಿ ವರ್ಷ ಬಿತ್ತನೆಗೆ ಮನೆಗೊಂದು ಆಳು ಪಾಟೀಲರ ಹೊಲಕ್ಕೆ ಹೋಗಬೇಕು, ಕೂಲಿ ಇಲ್ಲ. ಅಜ್ಜನ ಕಾಲದವರೆಗೂ ಹೋದರು. ಈ ನೆಲವನ್ನು ನಮಗೆ ಪುಕ್ಕಟೆ ಕೊಟ್ಟರು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ನಡುವೆ ಸೇವಾಲಾಲ್ ಮತ್ತು ಮರಿಯಮ್ಮನ ಗುಡಿ. ಅದರ ಎದುರು ನಾಯಕನ ಮನೆ, ಪಕ್ಕದಲ್ಲಿ ಕಾರಭಾರಿಯ ಮನೆ. ಕಾರಭಾರಿ ಅಂದರೆ ನಾಯಕನಿಗೆ ಸಲಹೆ ಹೇಳುವವನು, ನಾಯಕ ಇಲ್ಲದಾಗ ನಡೆಸುವವನು. ಆಮೇಲೆ ಡಾವೋ, ಅವನಿಗೂ ನಸಾಬಿನಲ್ಲಿ ಜಾಗ ಇದೆ. ಒಂದೊಂದು ಕುಲಕ್ಕೆ ಒಂದೊಂದು ಸಾಲು ಕೊಟ್ಟು ಮುತ್ತಾತ ಕೋಲಿನಿಂದ ಗೆರೆ ಎಳೆದನಂತೆ. ಮದುವೆ ಮಾತು ಕೂಡಿದಾಗ ಬೆಲ್ಲ ಹಂಚಬೇಕಾದರೆ ನಾಯಕ ಬರಬೇಕು. ಗಂಡ ಹೆಂಡಿರ ಜಗಳ, ದನ ಹೊಲ ಮೇಯ್ದದ್ದು, ಸಾಲ, ಓಡಿಹೋದವರ ವಿಷಯ, ಎಲ್ಲಾ ಗುಡಿಯ ಮುಂದೆ. ತಪ್ಪಿಗೆ ದಂಡ. ತೀಜ್ ಹಬ್ಬಕ್ಕೆ ಹುಡುಗಿಯರು ಗೋಧಿ ಸಸಿ ಹಾಕುವ ಮೊದಲೂ ನಾಯಕನ ಒಪ್ಪಿಗೆ ಬೇಕು. ಪೊಲೀಸ್ ಠಾಣೆಗೆ ಹೋಗುವುದು ತಾಂಡಾಕ್ಕೇ ಅವಮಾನ ಅಂತ ತಿಳಿದಿದ್ದರು. ಈಗಲೂ ವಯಸ್ಸಾದವರು ಹಾಗೇ ಅನ್ನುತ್ತಾರೆ. ಅದರಲ್ಲಿ ಒಳ್ಳೆಯದೂ ಇದೆ. ಆದರೆ ಹೊಡೆಸಿಕೊಂಡ ಹೆಂಗಸಿಗೆ ಆ ಮರ್ಯಾದೆಯಿಂದ ಏನು ಸಿಕ್ಕಿತು ಅಂತ ಯಾರೂ ಕೇಳಲಿಲ್ಲ.

ಇಷ್ಟೆಲ್ಲಾ ನಡೆದ ಊರು ಕಂದಾಯ ಇಲಾಖೆಯ ಲೆಕ್ಕದಲ್ಲಿ ಊರೇ ಅಲ್ಲ. ಪಹಣಿ ತೆಗೆದರೆ ನಮ್ಮ ಮನೆ ಇರುವ ಜಾಗದಲ್ಲಿ ಜೋಳದ ಹೊಲ ಅಂತ ಬರುತ್ತಿತ್ತು, ಪಾಟೀಲರ ಮನೆಯವರ ಹೆಸರಲ್ಲಿ. ಇನ್ನರ್ಧ ತಾಂಡಾ ಸರ್ಕಾರಿ ಗಾಯರಾಣ. ಗ್ರಾಮ ಪಂಚಾಯಿತಿ ಮನೆ ಕರ ತೆಗೆದುಕೊಳ್ಳುತ್ತಿತ್ತು, ಪಾವತಿ ಚೀಟಿಯನ್ನೂ ಕೊಡುತ್ತಿತ್ತು. ಆದರೆ ಆ ಚೀಟಿ ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ಸಾಲ ಇಲ್ಲ. ಸರ್ಕಾರದ ಮನೆ ಮಂಜೂರಾದರೂ ಜಾಗದ ಕಾಗದ ಕೇಳುತ್ತಾರೆ. ಮಗಳ ಮದುವೆಗೆ ಅಂತ ಮನೆ ಅಡ ಇಡಲು ಹೋದವರಿಗೆ ಖಾಸಗಿ ಬಡ್ಡಿಯವರೇ ಗತಿ.

2017ರಲ್ಲಿ ಭೂ ಕಂದಾಯ ಕಾಯ್ದೆಗೆ 94ಡಿ ಅಂತ ಹೊಸ ಕಲಂ ಬಂತು. ದಾಖಲೆ ಇಲ್ಲದ ವಸತಿಗಳು, ಅಂದರೆ ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪ್, ಕಾಲೋನಿ ಇಂಥವನ್ನು ಗುರುತಿಸಿ ಅಲ್ಲಿ ವಾಸ ಇರುವವರಿಗೆ ಹಕ್ಕು ಕೊಡಬಹುದು ಅಂತ. ಖಾಸಗಿ ಹೊಲದ ಮೇಲೆ ಕೂತ ಮನೆಗಳಿಗೆ ಭೂ ಸುಧಾರಣಾ ಕಾಯ್ದೆಯ 38ಎ ಕಲಂ. ಕೇಳಲು ಸರಳ. ತಹಶೀಲ್ದಾರ್ ಕಚೇರಿಯಿಂದ ಪ್ರಸ್ತಾವ ಹೋಗಬೇಕು, ಉಪವಿಭಾಗಾಧಿಕಾರಿ ನೋಡಬೇಕು, ಜಿಲ್ಲಾಧಿಕಾರಿಯಿಂದ ಪ್ರಾಥಮಿಕ ಅಧಿಸೂಚನೆ ಬರಬೇಕು, ತಕರಾರು ಇದ್ದರೆ ಕೇಳಬೇಕು, ಆಮೇಲೆ ಅಂತಿಮ ಅಧಿಸೂಚನೆ. ಇದರ ನಡುವೆ ಮೋಜಣಿ, ಅಂದರೆ ಜಾಗದ ಅಳತೆ. ಕಷ್ಟ ಇದ್ದದ್ದು ಪೂರಾ ಆ ಮೋಜಣಿಯಲ್ಲಿ.

ಮೊದಲನೇ ಸಲ ಸರ್ವೇಯರ್ ಬಂದದ್ದು ಚಳಿಗಾಲದಲ್ಲಿ. ತಾಂಡಾದಲ್ಲಿ ಮುದುಕರು, ಮಕ್ಕಳು, ಬೀಗ ಹಾಕಿದ ಬಾಗಿಲು. ಉಳಿದವರೆಲ್ಲಾ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ. ದೀಪಾವಳಿ ಮುಗಿಸಿ ಹೋದವರು ಹೋಳಿಗೆ ಬರುತ್ತಾರೆ. ಇಲ್ಲಿ ಹುಟ್ಟಿದ ಯಾರಿಗಾದರೂ ಇದು ಗೊತ್ತು. ಆದರೆ ಫೈಲು ಕ್ಯಾಲೆಂಡರ್ ನೋಡುವುದಿಲ್ಲ ಅಲ್ವಾ. ಮನೆಯವರು ಮನೆ ಮುಂದೆ ನಿಂತ ಫೋಟೋ ಬೇಕು, ಆಧಾರ್ ಬೇಕು. ಬೀಗದ ಮುಂದೆ ಯಾರನ್ನು ನಿಲ್ಲಿಸುವುದು? ‘ಖಾಲಿ’ ಅಂತ ಬರೆದುಕೊಂಡು ಹೋದರೆ ಮುಗಿಯಿತು, ಆ ಮನೆ ಪಟ್ಟಿಯಿಂದ ಹೊರಗೆ.

ಆಗ ಈಗಿನ ನಾಯಕ, ನನ್ನ ದೊಡ್ಡಪ್ಪ, ಒಂದು ಕೆಲಸ ಮಾಡಿದರು. ಅವರಿಗೆ ಓದು ಬರುವುದಿಲ್ಲ, ಫಾರಂ ತುಂಬಲು ಬರುವುದಿಲ್ಲ. ಆದರೆ ಹೋಳಿಗೆ ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತ ಒಂದೊಂದು ಗ್ಯಾಂಗಿನ ಮುಕಾದಮನಿಗೂ ಫೋನ್ ಮಾಡಿ ಹೇಳಿದರು. ಬರದಿದ್ದರೆ ದಂಡ. ಕಾರ್ಖಾನೆಯವರ ಮುಂಗಡ ಹಣದ ಲೆಕ್ಕ ಮುಗಿಯದವರೂ ಹೇಗೋ ಬಂದರು. ಹೋಳಿಯಲ್ಲಿ ಲೆಂಗಿ ಹಾಡು, ಕುಣಿತ, ಹೊಸದಾಗಿ ಹುಟ್ಟಿದ ಗಂಡುಮಕ್ಕಳಿಗೆ ಧೂಂಡ್ ಅನ್ನುವ ಶಾಸ್ತ್ರ. ಒಂದು ಕಡೆ ಅದು ನಡೆಯುತ್ತಿತ್ತು. ಇನ್ನೊಂದು ಕಡೆ ಬಣ್ಣ ಮೆತ್ತಿದ ಮುಖಗಳ ಫೋಟೋ ತೆಗೆಯಲು ಆಗುವುದಿಲ್ಲ, ತೊಳೆದುಕೊಂಡು ಬನ್ನಿ ಅಂತ ನಾನು ಕೂಗುತ್ತಿದ್ದೆ. ಆ ಫೋಟೋಗಳಲ್ಲಿ ಅರ್ಧ ಜನರ ಕಿವಿ ಇನ್ನೂ ಗುಲಾಬಿ.

ಪ್ರತಿ ಮನೆಗೂ ಚೆಕ್ಕುಬಂದಿ ಬರೆಯಬೇಕು. ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು. ವಾಸ ಇದ್ದದ್ದಕ್ಕೆ ಸಾಕ್ಷಿ ಬೇಕು. ಹಳೆಯ ಭಾಗ್ಯಜ್ಯೋತಿ ಕರೆಂಟ್ ಬಿಲ್ಲು, ಮತದಾರರ ಪಟ್ಟಿ, ರೇಷನ್ ಕಾರ್ಡು, ಮಕ್ಕಳ ಶಾಲೆ ದಾಖಲಾತಿ, ಸಿಕ್ಕಿದ್ದೆಲ್ಲಾ ತಂದರು. ಒಬ್ಬಜ್ಜಿ ಕುಟುಂಬ ಯೋಜನೆ ಆಪರೇಷನ್ ಚೀಟಿಯನ್ನೂ ತಂದಿದ್ದಳು. ಅದರಲ್ಲಿ ವಿಳಾಸ ಇತ್ತು, ತೆಗೆದುಕೊಂಡೆವು. ಈ ಜಾಗ ನಿಮಗೆ ಹೇಗೆ ಬಂತು ಅಂತ ತಲಾಟಿ, ಅಂದರೆ ಗ್ರಾಮ ಲೆಕ್ಕಿಗರು, ಕೇಳಿದಾಗಲೆಲ್ಲಾ ಒಂದೇ ಉತ್ತರ. ‘ನಾಯಕ ಕೊಟ್ಟ.’ ಯಾವ ನಾಯಕ, ಯಾವಾಗ? ಗೊತ್ತಿಲ್ಲ. ಕೊಟ್ಟ, ಅಷ್ಟೇ.

ಎರಡು ಸಾಲುಗಳ ನಡುವೆ ಒಂದಿಷ್ಟು ಬಯಲು ಇತ್ತು. ಅಲ್ಲೇ ಜಗಳ ಹತ್ತಿತು. ಎರಡು ಕುಲದವರೂ ಅದು ತಮ್ಮದು ಅಂದರು. ಮುತ್ತಾತ ಯಾರಿಗೆ ಕೊಟ್ಟಿದ್ದ? ಸಾಕ್ಷಿ ಹೇಳಬೇಕಾದ ಗಂಡಸರೆಲ್ಲಾ ತೀರಿಕೊಂಡಿದ್ದಾರೆ. ಉಳಿದ ಮುದುಕಿಯರು ಬೇರೆ ತಾಂಡಾಗಳಿಂದ ಸೊಸೆಯರಾಗಿ ಬಂದವರು, ಅಷ್ಟು ಹಿಂದಿನದು ಅವರಿಗೆ ಗೊತ್ತಿಲ್ಲ. ಇಲ್ಲೇ ಹುಟ್ಟಿ, ಗಂಡ ಸತ್ತ ಮೇಲೆ ಇಲ್ಲಿಗೇ ವಾಪಸ್ ಬಂದವಳು ಒಬ್ಬಳೇ, ಅಜ್ಜನ ತಂಗಿ. ಅವಳನ್ನು ಜಾಗ ಯಾರದು ಅಂತ ಕೇಳಿದರೆ ಹೇಳಲಿಲ್ಲ. ಯಾರ ಕಣ್ಣಲ್ಲೂ ಕೆಟ್ಟವಳಾಗಲು ಅವಳಿಗೆ ಇಷ್ಟ ಇರಲಿಲ್ಲ. ಹಾಗಾಗಿ ನಾನು ಬೇರೆ ಕೇಳಿದೆ. ನೀನು ಹುಡುಗಿ ಇದ್ದಾಗ ದೀಪಾವಳಿಗೆ ಮೇರಾ ಹೇಗೆ ಮಾಡುತ್ತಿದ್ದಿರಿ?

ಮೇರಾ ಅಂದರೆ ದೀಪಾವಳಿ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆ ಮನೆಗೆ ಹೋಗಿ ಹರಸುವುದು. ಮೊದಲು ನಾಯಕನ ಮನೆ. ಆಮೇಲೆ ಕಾರಭಾರಿ. ಆಮೇಲೆ ಸಾಲು ಹಿಡಿದು. ಅಜ್ಜಿ ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದಳು. ಇವರ ಮನೆ, ಅವರ ಮನೆ, ಅಲ್ಲೊಂದು ಬೇವಿನ ಮರ, ಆಮೇಲೆ ನಾಯಿ ಇದ್ದ ಮನೆ, ಅಲ್ಲಿ ಓಡುತ್ತಿದ್ದೆವು. ನಾನು ಬರೆದುಕೊಂಡೆ. ಈಗ ಬಯಲಾಗಿರುವ ಜಾಗದಲ್ಲಿ ಆಗ ಎರಡು ಮನೆ ಇದ್ದವು. ಒಂದು ಒಬ್ಬರ ಕಡೆಯದು, ಇನ್ನೊಂದು ಇನ್ನೊಬ್ಬರ ಕಡೆಯದು. ಎರಡೂ ಪ್ಲೇಗ್ ಬಂದಾಗ ಖಾಲಿಯಾದವಂತೆ. ಆ ಪಟ್ಟಿಯನ್ನು ಗುಡಿಯ ಮುಂದೆ ಓದಬೇಕಾಯಿತು. ‘ಕಾಗದ ಕೊಟ್ಟು ಹೋಗಮ್ಮ’ ಅಂದರು ಒಬ್ಬರು. ನನ್ನ ಅಕ್ಷರ ನನಗೇ ಅರ್ಥ ಆಗುವುದು ಅಂದೆ. ಹಾಗೆ ನಸಾಬಿನಲ್ಲಿ ಕೂತೆ. ಸುಮ್ನೆ ಕೂರಲಿಲ್ಲ, ಓದಿದೆ. ಬಯಲನ್ನು ಎರಡು ಮಾಡಿದರು. ಪಂಚನಾಮೆಯಲ್ಲಿ ಮೇರಾ, ದೀಪ, ನಾಯಿ ಏನೂ ಬರಲಿಲ್ಲ. ‘ಸ್ಥಳೀಯ ವಿಚಾರಣೆಯಿಂದ ತಿಳಿದುಬಂದಂತೆ’ ಅಂತ ಬಂತು.

ಪಾಟೀಲರ ಮನೆಯವರ ವಿಷಯ ನಾವು ಹೆದರಿದಷ್ಟು ದೊಡ್ಡದಾಗಲಿಲ್ಲ. ಅವರಲ್ಲಿ ಮುಕ್ಕಾಲು ಪಾಲು ಜನ ಸೊಲ್ಲಾಪುರ, ಪುಣೆ ಸೇರಿದ್ದಾರೆ. ಹೊಲದ ಗಡಿಯ ಬಗ್ಗೆ ಒಬ್ಬರು ತಕರಾರು ಕೊಟ್ಟರು, ಅಳತೆ ಮಾಡಿ ತೋರಿಸಿದ ಮೇಲೆ ಬಿಟ್ಟರು. ಪರಿಹಾರ ಸರ್ಕಾರ ಕೊಡುತ್ತದೆ ಅಂದ ಮೇಲೆ ಮಾತು ಮೆತ್ತಗಾಯಿತು. ಅವರ ಪೈಕಿ ಒಬ್ಬ ಹಿರಿಯರು ದೊಡ್ಡಪ್ಪನ ಹತ್ತಿರ ಕೂತು ಚಹಾ ಕುಡಿದು, ನಿಮ್ಮ ಮುತ್ತಾತ ನಮ್ಮ ಮುತ್ತಾತನಿಗೆ ಒಂದು ಜೊತೆ ಎತ್ತು ಕೊಟ್ಟಿದ್ದ ಅಂದರು. ನಮ್ಮ ಮನೆಯ ಕತೆಯಲ್ಲಿ ಆ ಎತ್ತು ಇರಲೇ ಇಲ್ಲ.

ನಿಜವಾಗಿ ತಲೆನೋವು ಆದದ್ದು ಹಳ್ಳದ ಕಡೆಯ ಆರು ಮನೆ. ಅವರು ಢಾಲ್ಯಾ ಜನ. ಮದುವೆ, ಹಬ್ಬ, ಸಾವು ಎಲ್ಲದಕ್ಕೂ ವಾಜಾ ಬಾರಿಸುವವರು. ತಾಂಡಾದ ಜೊತೆಗೇ ನಡೆದು ಬಂದವರು, ಆದರೆ ತಾಂಡಾದ ಸಾಲಿನೊಳಗೆ ಬರದವರು. ಮುತ್ತಾತ ಅವರನ್ನು ಹಳ್ಳದ ದಂಡೆಗೆ ಕೂರಿಸಿದ್ದ. ಸರ್ವೇಯರ್ ನಕ್ಷೆ ಹರಡಿ ತೋರಿಸಿದರು. ಆ ಜಾಗ ಹಳ್ಳದ ಖರಾಬು, ‘ಬ’ ಖರಾಬು. ಹಳ್ಳ, ದಾರಿ, ಸ್ಮಶಾನ ಇಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ. ಅದನ್ನು ಯಾರ ಹೆಸರಿಗೂ ಕೊಡಲು ಬರುವುದಿಲ್ಲ. ಉಳಿದವರ ಮನೆಗೆ ನಂಬರು ಬಿತ್ತು. ಈ ಆರಕ್ಕೆ ಬೀಳಲಿಲ್ಲ.

ನಮ್ಮ ತಾಂಡಾದಲ್ಲಿ ಮುತ್ತಾತನನ್ನು ದೇವರ ಹತ್ತಿರ ಹತ್ತಿರ ಇಟ್ಟಿದ್ದಾರೆ. ಅವನು ಎಲ್ಲರಿಗೂ ನೆಲ ಕೊಟ್ಟ ಅನ್ನುತ್ತಾರೆ. ಎಲ್ಲರಿಗೂ ಕೊಟ್ಟ, ನಿಜ. ಕೆಲವರಿಗೆ ಮಳೆಗಾಲದಲ್ಲಿ ನೀರು ನುಗ್ಗುವ ನೆಲ ಕೊಟ್ಟ. ಊರಿನವರು ನಮ್ಮನ್ನು ಹಳ್ಳದ ಆಚೆ ಇಟ್ಟರು, ನಾವು ಅವರನ್ನು ಹಳ್ಳದ ಅಂಚಿಗೆ ಇಟ್ಟೆವು. ಇದನ್ನು ಹೀಗೇ ಗುಡಿಯ ಮುಂದೆ ಹೇಳಿದ್ದಕ್ಕೆ ನಮ್ಮ ಮನೆಯಲ್ಲೇ ಕೆಲವರು ಒಂದು ಹಬ್ಬ ನನ್ನ ಜೊತೆ ಮಾತು ಬಿಟ್ಟರು. ಬಿಡಲಿ. ಆ ಆರು ಮನೆಗಳ ಹುಡುಗಿ ಒಬ್ಬಳು ನರ್ಸಿಂಗ್ ಓದುತ್ತಿದ್ದಾಳೆ. ‘ಅಕ್ಕ, ನಾವು ಬಾರಿಸುವುದು ನಿಲ್ಲಿಸಿ ಎಷ್ಟೋ ವರ್ಷ ಆಯ್ತು, ಜಾಗ ಮಾತ್ರ ಅಲ್ಲೇ ಇದೆ’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂತಿಮ ಅಧಿಸೂಚನೆಗೆ ಮೊದಲು ಹೆಸರಿನ ರಗಳೆ ಬೇರೆ. ಹುಡುಗರಿಗೆ ಸೇವಾಲಾಲ್ ನಗರ ಬೇಕು. ಸೇವಾಲಾಲ್ ನಗರಗಳು ಈಗಾಗಲೇ ಜಾಸ್ತಿ ಆಗಿವೆ, ಕೊರಿಯರ್ ಹುಡುಗನ ಗತಿ ಏನು ಅಂತ ನಾನು ತಮಾಷೆ ಮಾಡಿದೆ. ಯಾರೂ ನಗಲಿಲ್ಲ. ಹಿರಿಯರಿಗೆ ಮುತ್ತಾತನ ಹೆಸರು ಬೇಕು. ಇನ್ನೊಂದು ಕುಲದವರು, ಹಾಗಾದರೆ ಇದು ನಿಮ್ಮ ಮನೆತನದ ಊರು ಅಂತ ಸರ್ಕಾರವೇ ಬರೆದುಕೊಟ್ಟ ಹಾಗಾಯಿತು, ಅವನ ಜೊತೆ ಎತ್ತು ಹೊಡೆದುಕೊಂಡು ಬಂದ ನಮ್ಮ ಹಿರಿಯರು ಏನಾಗಬೇಕು ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಒಬ್ಬನೇ ಮನುಷ್ಯ ಊರು ಕಟ್ಟುವುದಿಲ್ಲ. ಕೊನೆಗೆ ಗೆಜೆಟ್‌ನಲ್ಲಿ ಒಂದು ಹೆಸರು ಬಂತು. ಅರ್ಧ ಜನರಿಗೆ ಹಿಡಿಸಲಿಲ್ಲ. ಯಾವ ಅರ್ಧ ಅಂತ ಹೇಳುವುದಿಲ್ಲ.

2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ 50,000ಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ, ಈ ಐದು ಜಿಲ್ಲೆಗಳ 1,475 ವಸತಿಗಳು ಕಂದಾಯ ಗ್ರಾಮ ಆಗಿದ್ದವು. ನಮ್ಮದು ಆ ಸರದಿಯಲ್ಲಿ ಇರಲಿಲ್ಲ. ಟಿವಿಯಲ್ಲಿ ನೋಡಿದೆವು. ನಮ್ಮ ಕಾಗದ ಬಂದದ್ದು ಆಮೇಲೆ, 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯ ಸರ್ಕಾರ 1,11,111 ಹಕ್ಕುಪತ್ರ ಕೊಟ್ಟ ಸುತ್ತಿನಲ್ಲಿ. ಬಸ್ಸಿನಲ್ಲಿ ಹೋದವರು ಬಿಸಿಲಿನ ಬಗ್ಗೆ ಹೇಳಿದಷ್ಟು ಭಾಷಣಗಳ ಬಗ್ಗೆ ಹೇಳಲಿಲ್ಲ.

ಈ ಸಲದ್ದು ಬರೀ ಹಕ್ಕುಪತ್ರ ಅಲ್ಲ. ಸರ್ಕಾರವೇ ಅದನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿ ಕೊಡುವ ಡಿಜಿಟಲ್ ಪತ್ರ. ಮುಂದೆ ಪಂಚಾಯಿತಿಯಲ್ಲಿ ಇ-ಸ್ವತ್ತು ಖಾತೆ. ನಮ್ಮ ಕಡೆ ಜಾಗದ ಇಂಥ ಕಾಗದಕ್ಕೆಲ್ಲಾ ಉತಾರ ಅಂತಲೇ ಅನ್ನುತ್ತಾರೆ. ‘ಉತಾರ ಬಂತೇನು’ ಅಂತ ಈಗ ದಿನಾ ಕೇಳುತ್ತಾರೆ. ಹಳೆಯ ಹಕ್ಕುಪತ್ರಗಳನ್ನು ಮಡಚಿ ಟ್ರಂಕಿನಲ್ಲಿ ಇಟ್ಟು ಮರೆತ ಊರುಗಳನ್ನು ನಾನು ನೋಡಿದ್ದೇನೆ. ಖಾತೆ ಆಗದಿದ್ದರೆ ಪತ್ರ ಇದ್ದೂ ಬ್ಯಾಂಕು ಒಪ್ಪುವುದಿಲ್ಲ. ಹಾಗಾಗಿ ಪತ್ರ ಬಂದವರಿಗೆಲ್ಲಾ ನಾನು ಹೇಳುವುದು ಇಷ್ಟೇ. ಮೊದಲು ಹೆಸರಿನ ಅಕ್ಷರ ಆಧಾರ್ ಜೊತೆ ಹೊಂದುತ್ತದಾ ನೋಡಿ. ಅಪ್ಪನ ಹೆಸರು ನೋಡಿ. ಚೆಕ್ಕುಬಂದಿ ನೋಡಿ. ತಪ್ಪಿದ್ದರೆ ಈಗಲೇ ಅರ್ಜಿ ಕೊಡಿ, ಅಣ್ಣತಮ್ಮಂದಿರು ಬೇರೆಯಾದ ಮೇಲೆ ಅಲ್ಲ.

ಆರು ಮನೆಗೆ ಈಗ ಬೇರೆ ದಾರಿ ಹುಡುಕಿದ್ದೇವೆ. ಗುಡಿಯ ಹಿಂದೆ ಮೊದಲು ಎತ್ತು ಕಟ್ಟುತ್ತಿದ್ದ ಗಾಯರಾಣದ ತುಂಡು ಖಾಲಿ ಇದೆ, ಎತ್ತರದ ನೆಲ. ಅಲ್ಲಿ ಅವರಿಗೆ ನಿವೇಶನ ಕೊಡಿ ಅಂತ ಗ್ರಾಮಸಭೆಯಲ್ಲಿ ಠರಾವು ಆಗಬೇಕು. ಠರಾವು ಆದರೂ ಮೇಲಿಂದ ಮಂಜೂರಾಗಬೇಕು, ಅದು ಆಮೇಲಿನ ಮಾತು. ಮೊದಲು ತಾಂಡಾದವರೇ ಗ್ರಾಮಸಭೆಯಲ್ಲಿ ಎದ್ದು ನಿಂತು ಬೇಡ ಅನ್ನಬಾರದು. ಅದಕ್ಕೆ ನಸಾಬ್ ಕರೆದು ಒಪ್ಪಿಗೆ ಬರೆಸುತ್ತಿದ್ದೇವೆ. ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದ್ದಾರೆ. ಡಾವೋ ಮನೆಯವರು ಸಹಿ ಹಾಕಿದ್ದಾರೆ. ಕಾರಭಾರಿ ಮನೆಯವರು ಗುಡಿಯ ಹಿಂದೆ ಯಾಕೆ, ಶಾಲೆಯ ಕಡೆ ಕೊಡಿ ಅನ್ನುತ್ತಿದ್ದಾರೆ. ಶಾಲೆಯ ಕಡೆ ಜಾಗವೇ ಇಲ್ಲ, ಅದು ಅವರಿಗೂ ಗೊತ್ತು. ಅವರ ಮನೆಯ ಮೂವರು ಗಂಡುಮಕ್ಕಳು ಈಗ ಗೋವಾದಲ್ಲಿದ್ದಾರೆ. ಅವರಲ್ಲಿ ಚಿಕ್ಕವನು ಫೋನ್‌ನಲ್ಲಿ ಹೂಂ ಅಂದಿದ್ದಾನೆ, ಅಪ್ಪನ ಎದುರು ಹೇಳುತ್ತಾನಾ ಅನ್ನುವುದು ದೀಪಾವಳಿಗೆ ಬಂದಾಗ ನೋಡಬೇಕು.